ಬಯಾಂವ್ ಜಿ ದೋಯ್ಸ್: ಅಲಸಂದೆ ಕಟ್ಟಿನಲ್ಲೇ ಅನ್ನ ಬೇಯುವ ಬ್ರೆಜಿಲ್ ಅಡುಗೆ

ಬೇಯಿಸಿದ ಅಲಸಂದೆಯನ್ನು ಬಿಳಿ ಅನ್ನಕ್ಕೆ ಕಲಸಿ, ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿದರೆ ಬಯಾಂವ್ ಆಗುವುದಿಲ್ಲ. ಕಾಳು ಬೆಂದ ನೀರಿನಲ್ಲೇ ಅಕ್ಕಿಯೂ ಬೇಯಬೇಕು, ಅದೇ ಈ ಅಡುಗೆಯ ಜೀವ. ಬಸ್ಸಾರು ಮಾಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಕಟ್ಟು ಎನ್ನುವ ಆ ನೀರಿಗೆ ಕಾಳಿನ ಬಣ್ಣ, ಘಮ, ಮಂದತನ ಎಲ್ಲ ಇಳಿದಿರುತ್ತದೆ. ಪೋರ್ಚುಗೀಸಿನಲ್ಲಿ ಅದಕ್ಕೆ ಕಾಲ್ದು ಎನ್ನುತ್ತಾರೆ. ಬಯಾಂವ್ ಕೆಟ್ಟರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಈ ಕಟ್ಟೇ: ಚೆಲ್ಲಿರುತ್ತಾರೆ, ಅಳೆಯದೆ ಸುರಿದಿರುತ್ತಾರೆ, ಇಲ್ಲವೇ ಪೂರ್ತಿ ಆರಿಹೋಗುವವರೆಗೆ ಒಲೆಯ ಮೇಲೆ ಬಿಟ್ಟಿರುತ್ತಾರೆ.

ಈ ಅಡುಗೆಯ ತವರು ಬ್ರೆಜಿಲ್‌ನ ಈಶಾನ್ಯ ಭಾಗ, ಅದರಲ್ಲೂ ಸಿಯಾರಾ ರಾಜ್ಯ. ಕರಾವಳಿಯಿಂದ ಒಳಗೆ ಹೋದರೆ ಸೆರ್ತಾಂವ್ ಎಂಬ ಬರದ ಸೀಮೆ. ಮುಳ್ಳುಕಂಟಿ, ಕಳ್ಳಿಗಿಡಗಳ ನೆಲ, ವರ್ಷಕ್ಕೆ ಕೆಲವೇ ತಿಂಗಳು ಮಳೆ. ಮಾರ್ಚ್ 19ರ ಸಂತ ಜೋಸೆಫರ ದಿನದೊಳಗೆ ಮಳೆ ಬಿದ್ದರೆ ಬೆಳೆ ಕೈಗೆ ಬರುತ್ತದೆ ಎಂದು ಅಲ್ಲಿನ ರೈತರು ಇವತ್ತಿಗೂ ನಂಬುತ್ತಾರೆ. ಅಂಥ ನೆಲದಲ್ಲಿ ಎರಡು ಎರಡೂವರೆ ತಿಂಗಳಲ್ಲಿ ಫಸಲು ಕೊಟ್ಟು, ನೀರಿಲ್ಲದೆಯೂ ಸ್ವಲ್ಪ ದಿನ ತಡೆದುಕೊಳ್ಳುವ ಕಾಳು ಅಲಸಂದೆ. ಅಲ್ಲಿ ಅದರ ಹೆಸರು ಫೇಜಾಂವ್ ಜಿ ಕೋರ್ದ, ಅಂದರೆ ಹಗ್ಗದ ಕಾಳು. ಬಳ್ಳಿ ಹಬ್ಬುವ ರೀತಿಗೆ ಹೊಂದುವ ಹೆಸರು. ಅಲಸಂದೆ ದಕ್ಷಿಣ ಅಮೆರಿಕದ ಬೆಳೆಯಲ್ಲ, ಆಫ್ರಿಕಾದ್ದು. ಪೋರ್ಚುಗೀಸರು ಆಫ್ರಿಕಾದಿಂದ ಜನರನ್ನು ಗುಲಾಮರನ್ನಾಗಿ ಹಡಗಿನಲ್ಲಿ ಸಾಗಿಸಿದ ಕಾಲದಲ್ಲಿ ಅದೂ ಬ್ರೆಜಿಲ್ ಸೇರಿತು. ಅಕ್ಕಿಯೂ ಹೊರಗಿನಿಂದ ಬಂದದ್ದೇ. ನಮ್ಮ ರಾಜ್ಮಾ, ಹುರುಳಿಕಾಯಿ, ಮೆಣಸಿನಕಾಯಿ, ಮರಗೆಣಸು ಇವೆಲ್ಲ ಎದುರು ದಿಕ್ಕಿನಲ್ಲಿ ಪಯಣಿಸಿ ಇಲ್ಲಿಗೆ ಬಂದವು.

ಬಯಾಂವ್ ಎಂದರೆ ಅಲ್ಲಿನ ಒಂದು ಕುಣಿತ, ಅದರ ಸಂಗೀತವೂ ಹೌದು: ಅಕಾರ್ಡಿಯನ್, ಜಬುಂಬ ಎಂಬ ದೊಡ್ಡ ಡೋಲು, ತ್ರಿಕೋನದ ಲೋಹದ ತಾಳ. 1940ರ ದಶಕದಲ್ಲಿ ಗಾಯಕ ಲೂಯಿಸ್ ಗೊನ್ಜಾಗ ಈ ಸಂಗೀತವನ್ನು ಇಡೀ ದೇಶಕ್ಕೆ ಮುಟ್ಟಿಸಿದರು. ‘ಜಿ ದೋಯ್ಸ್’ ಎಂದರೆ ‘ಇಬ್ಬರದು’. ಅಕ್ಕಿ ಮತ್ತು ಕಾಳು ಒಂದೇ ಪಾತ್ರೆಯಲ್ಲಿ ಜೋಡಿಯಾಗಿ ಕುಣಿಯುತ್ತವೆ ಎಂಬ ಅರ್ಥ.

ಇದು ಪಲಾವಿನಂತೆ ಉದುರುದುರಾಗಿರುವುದಿಲ್ಲ, ಬಿಸಿಬೇಳೆಬಾತಿನಂತೆ ಪೂರ್ತಿ ಕಲೆತೂ ಹೋಗಿರುವುದಿಲ್ಲ. ಸಿಯಾರಾದ ಹಲವು ಮನೆಗಳಲ್ಲಿ ಸ್ವಲ್ಪ ಒಣಗಿಸಿಯೇ ಮಾಡುತ್ತಾರೆ. ಪಕ್ಕದ ಪರೈಬಾದಲ್ಲಿ ಇದರ ತಮ್ಮನಂಥ ಹುಬಕಾಂವ್ ಎಂಬುದಿದೆ; ಅದರಲ್ಲಿ ಗಿಣ್ಣು (ಇಲ್ಲೆಲ್ಲ ಗಿಣ್ಣು ಎಂದರೆ ಚೀಸ್), ಕೆನೆ ಹೆಚ್ಚು, ಚಮಚದಲ್ಲಿ ಎತ್ತಿದರೆ ಜಾರುವಷ್ಟು ಸಡಿಲ. ಇಲ್ಲಿ ಹೇಳುತ್ತಿರುವುದು ಆ ಸಡಿಲ ಹದದ್ದು. ಮೊದಲ ಸಲ ಮಾಡುವವರಿಗೆ ಇದೇ ಒಳ್ಳೆಯದು, ನೀರು ನಾಲ್ಕು ಚಮಚ ಹೆಚ್ಚಾದರೂ ಕಡಿಮೆಯಾದರೂ ಹದ ಕೆಡುವುದಿಲ್ಲ.

ಕಾಳು

ನಾಲ್ಕೈದು ಜನಕ್ಕೆ 250 ಗ್ರಾಂ ಒಣ ಅಲಸಂದೆ, 250 ಗ್ರಾಂ ಅಕ್ಕಿ. ಬೆಂದ ಮೇಲೆ ಕಾಳು ಸುಮಾರು 550 ರಿಂದ 600 ಗ್ರಾಂ ಆಗುತ್ತದೆ, ಅನ್ನ ಅದಕ್ಕಿಂತ ತುಸು ಹೆಚ್ಚು. ಅಂಗಡಿಯಲ್ಲಿ ಕಪ್ಪು ಕಣ್ಣಿನ ಬಿಳಿ ಅಲಸಂದೆಯೂ ಕೆಂಪು ಅಲಸಂದೆಯೂ ಸಿಗುತ್ತದೆ. ಆರಿಸುವ ಅವಕಾಶವಿದ್ದರೆ ಕೆಂಪನ್ನೇ ತನ್ನಿ. ಅದರ ಸಿಪ್ಪೆಯ ಬಣ್ಣ ಕಟ್ಟಿಗೆ ಇಳಿದು ಅಕ್ಕಿಗೆ ಹಿಡಿಯುತ್ತದೆ. ಬಿಳಿಯದರಲ್ಲಿ ರುಚಿಗೆ ಕೊರತೆಯಿಲ್ಲ, ಅನ್ನ ಮಾತ್ರ ಪೇಲವವಾಗಿ ಕಾಣುತ್ತದೆ. ಸಿಯಾರಾದ ಸಂತೆಗಳಲ್ಲಿ ಹಸಿ ಅಲಸಂದೆಯನ್ನು ಸುಲಿದು ಅಳೆದು ಮಾರುತ್ತಾರೆ, ಮಳೆಗಾಲದ ಬಯಾಂವ್ ಅದರಲ್ಲೇ ಆಗಬೇಕು. ನಿಮಗೂ ಬಲಿತ ಹಸಿ ಕಾಯಿ ಸಿಕ್ಕರೆ ಸುಲಿದ ಕಾಳು 500 ಗ್ರಾಂ ತೆಗೆದುಕೊಳ್ಳಿ. ನೆನೆಸುವುದು ಬೇಡ, 20 ರಿಂದ 25 ನಿಮಿಷದಲ್ಲಿ ಬೇಯುತ್ತದೆ.

ಒಣ ಕಾಳನ್ನು ತೊಳೆದು 4 ಗಂಟೆ ನೆನೆಸಿ. ರಾತ್ರಿಯಿಡೀ ನೆನೆಸುವ ಅಗತ್ಯವಿಲ್ಲ; ಬೇಸಿಗೆಯಲ್ಲಿ ಹಾಗೆ ಬಿಟ್ಟರೆ ನೀರಿನ ಮೇಲೆ ನೊರೆ ಕಟ್ಟಿ ಹುಳಿ ವಾಸನೆ ಬರುತ್ತದೆ, ಸಿಪ್ಪೆಯೂ ಬೇಗ ಬಿಡುತ್ತದೆ. ನೆನೆಸಿದ ನೀರನ್ನು ಚೆಲ್ಲಿ, ಹೊಸದಾಗಿ 1.75 ಲೀಟರ್ ನೀರು, ಒಂದು ಪಲಾವ್ ಎಲೆ ಹಾಕಿ ದಪ್ಪ ತಳದ ಪಾತ್ರೆಯಲ್ಲಿ ಬೇಯಲು ಇಡಿ. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮೇಲಿನ ನೊರೆ ತೆಗೆದು, ಮುಚ್ಚಳವನ್ನು ಓರೆಯಾಗಿ ಮುಚ್ಚಿ. ನೆನೆದ ಕಾಳಿಗೆ 35 ರಿಂದ 45 ನಿಮಿಷ ಬೇಕು. ಕುಕ್ಕರಿನಲ್ಲಾದರೆ ನೀರು 1.25 ಲೀಟರ್ ಸಾಕು: ಎರಡು ಸೀಟಿ, ಆಮೇಲೆ ಹಬೆ ತಾನಾಗಿ ಇಳಿಯುವವರೆಗೆ ತೆರೆಯಬೇಡಿ. ತೂಕ ಎತ್ತಿ ಹಬೆ ಬಿಟ್ಟರೆ ಒಳಗಿನ ನೀರು ಒಮ್ಮೆಲೇ ಉಕ್ಕಿ ಸಿಪ್ಪೆಗಳು ಸೀಳುತ್ತವೆ. ನೋಡಿಕೊಂಡು ಬೇಯಿಸಲು ತೆರೆದ ಪಾತ್ರೆಯೇ ವಾಸಿ.

ಇಲ್ಲಿ ಹದ ಹಿಡಿಯುವುದು ಕಲಿಯಬೇಕಾದ ಕೆಲಸ. ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿ. ಹಿಟ್ಟಾಗಿ ಹರಡಬೇಕು, ಆದರೆ ಒತ್ತುವಾಗ ನಡುವೆ ಒಂದಿಷ್ಟು ಗಟ್ಟಿ ಅಂಶ ಬೆರಳಿಗೆ ತಾಗಬೇಕು, ಸಿಪ್ಪೆ ಹರಿದಿರಬಾರದು. ಒತ್ತುವ ಮೊದಲೇ ಕಾಳು ಕುಸಿದರೆ ತಡವಾಯಿತು ಎಂದರ್ಥ. ಅಕ್ಕಿಯ ಜೊತೆ ಇನ್ನೂ 15 ನಿಮಿಷಕ್ಕೂ ಹೆಚ್ಚು ಹೊತ್ತು ಅದು ಬೇಯಲಿದೆ, ಆ ಬೇಯುವಿಕೆಗೆ ಜಾಗ ಉಳಿಸಿಯೇ ಇಳಿಸಬೇಕು. ಹೀಗೆ ಹದಕ್ಕೆ ಬರುವ ಹತ್ತು ನಿಮಿಷ ಮೊದಲು ಒಂದು ಟೀ ಚಮಚ ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ನಿಜವಲ್ಲ. ಬೇಯದಂತೆ ತಡೆಯುವುದು ಹುಳಿ ಮತ್ತು ಗಡಸು ನೀರು. ಕಾಳಿನ ಕೋಶಗಳನ್ನು ಅಂಟಿನಂತೆ ಹಿಡಿದಿಡುವ ಪೆಕ್ಟಿನ್ ಎಂಬ ಪದಾರ್ಥ ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತದೆ. ನೀರಿನ ಕ್ಯಾಲ್ಸಿಯಂ ಆ ಪೆಕ್ಟಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತದೆ, ಹುಳಿ ಅದನ್ನು ಕರಗಲು ಬಿಡುವುದಿಲ್ಲ. ಹಾಗಾಗಿ ಗಡಸು ಬೋರ್‌ವೆಲ್ ನೀರಿನ ಊರುಗಳಲ್ಲಿ ಕುಡಿಯುವ ಫಿಲ್ಟರ್ ನೀರಿನಲ್ಲೇ ಕಾಳು ಬೇಯಿಸಿ, ಟೊಮೆಟೊ ಹಾಕುವ ಆಸೆಯಿದ್ದರೆ ಕಾಳು ಬೆಂದ ನಂತರ ಹಾಕಿ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಕಾಳು ಏನು ಮಾಡಿದರೂ ಸಮನಾಗಿ ಬೇಯುವುದಿಲ್ಲ. ಅಡುಗೆ ಸೋಡಾ ಹಾಕಿ ಗೆಲ್ಲಲು ಹೋಗಬೇಡಿ: ಸಿಪ್ಪೆ ಕರಗಿ ಕಟ್ಟು ಲೋಳೆಯಾಗುತ್ತದೆ, ಆ ಸೋಪಿನಂಥ ರುಚಿ ಕಟ್ಟಿನ ಮೂಲಕ ಅಷ್ಟೂ ಅನ್ನಕ್ಕೆ ಹತ್ತುತ್ತದೆ.

ಅಲಸಂದೆಯ ಬದಲು ರಾಜ್ಮಾ ಹಾಕುವವರು ಒಂದು ವಿಷಯ ಮರೆಯಬಾರದು. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಅಂಶ ಬಹಳ. ಅದನ್ನು ರಾತ್ರಿ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೊದಲು ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದ ಮೇಲೆಯೇ ಉರಿ ತಗ್ಗಿಸಬೇಕು. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಗಳಿಗೆ ಹಸಿ ರಾಜ್ಮಾ ನೇರವಾಗಿ ಹಾಕುವುದು ಅಪಾಯ.

ಕಟ್ಟು ಮತ್ತು ಅಕ್ಕಿ

ಕಾಳನ್ನು ಜರಡಿಯಲ್ಲಿ ಬಸಿದು ಕಟ್ಟನ್ನು ಅಳೆಯಿರಿ. ಇಲ್ಲಿ ಕಣ್ಣಂದಾಜು ಬೇಡ. 250 ಗ್ರಾಂ ಅಕ್ಕಿಗೆ ಸಡಿಲ ಬಯಾಂವ್ ಬೇಕಾದರೆ 800 ಮಿ.ಲೀ., ಒಣಗಿದ ಹದಕ್ಕೆ 650 ಮಿ.ಲೀ. ಕಡಿಮೆಯಿದ್ದರೆ ಬಿಸಿನೀರು ಸೇರಿಸಿ ಸರಿ ಮಾಡಿ. ಹೆಚ್ಚಿದ್ದರೆ ಚೆಲ್ಲಬೇಡಿ, ಅದನ್ನೇ ಕುದಿಸಿ ಇಳಿಸಿ. ಕಟ್ಟು ಮಂದವಾದಷ್ಟೂ ಅನ್ನಕ್ಕೆ ಮೈ ಬರುತ್ತದೆ. ಪಾತ್ರೆಗೆ ಹಾಕುವ ಹೊತ್ತಿಗೆ ಕಟ್ಟು ಕುದಿಯುತ್ತಿರಬೇಕು. ತಣ್ಣಗಿನ ಕಟ್ಟು ಸುರಿದರೆ ಅಕ್ಕಿ ಉಗುರುಬೆಚ್ಚನೆ ನೀರಿನಲ್ಲಿ ನೆನೆಯುತ್ತ ಕೂತು, ಹೊರಗೆ ಮೆತ್ತಗಾಗಿ ಒಳಗೆ ನುಚ್ಚಾಗಿ ಉಳಿಯುತ್ತದೆ.

ಬ್ರೆಜಿಲ್‌ನಲ್ಲಿ ಉದ್ದ ಕಾಳಿನ ಸಾದಾ ಬಿಳಿ ಅಕ್ಕಿ ಬಳಸುತ್ತಾರೆ. ನಮ್ಮಲ್ಲಿ ಸೋನಾ ಮಸೂರಿ ಸರಿಹೊಂದುತ್ತದೆ, ಅದರಲ್ಲೂ ಒಂದು ವರ್ಷ ಹಳೆಯದು. ಹೊಸ ಅಕ್ಕಿ ಬೇಗ ಮುದ್ದೆಯಾಗುತ್ತದೆ, ಬೇರೆ ಸಿಗದಿದ್ದರೆ ಕಟ್ಟನ್ನು 100 ಮಿ.ಲೀ. ಕಡಿಮೆ ಮಾಡಿ. ಬಾಸ್ಮತಿ ಬೇಡವೇ ಬೇಡ. ಅದರ ಘಮ ಅಲಸಂದೆಯ ಮಣ್ಣಿನಂಥ ಘಮವನ್ನು ಮುಚ್ಚುತ್ತದೆ, ಅಗುಳು ಬಿಡಿಬಿಡಿಯಾಗಿ ಕಟ್ಟಿನ ಜೊತೆ ಬೆರೆಯುವುದೂ ಇಲ್ಲ. ಕುಚ್ಚಲಕ್ಕಿಗೆ ಸಮಯ, ನೀರು ಎರಡೂ ಹೆಚ್ಚು ಬೇಕು, ಅಷ್ಟರಲ್ಲಿ ಕಾಳು ಕಲಸಿಹೋಗುತ್ತದೆ. ಕುಚ್ಚಲಕ್ಕಿಯೇ ಬೇಕೆನ್ನುವ ಕರಾವಳಿಯವರು ಕಾಳನ್ನು ಅರ್ಧ ಬೆಂದಾಗಲೇ ಇಳಿಸಿಕೊಳ್ಳಬೇಕು.

ಮಾಂಸ, ಅಥವಾ ಮಾಂಸವಿಲ್ಲದೆ

ಸೆರ್ತಾಂವ್‌ನ ಮಾಂಸ ಕಾರ್ನಿ ಜಿ ಸೋಲ್, ‘ಬಿಸಿಲ ಮಾಂಸ’. ಹೆಸರು ಹಾಗಿದ್ದರೂ ಸುಡುಬಿಸಿಲಿಗೆ ಇಡುವುದು ಕಡಿಮೆ. ದನದ ಮಾಂಸದ ದಪ್ಪ ತುಂಡುಗಳಿಗೆ ಉಪ್ಪು ಹಚ್ಚಿ, ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ತೂಗುಹಾಕುತ್ತಾರೆ. ಹೊರಮೈ ಒಣಗಿ ಒಳಗೆ ತೇವ ಉಳಿಯುತ್ತದೆ. ಇದನ್ನು ಒಂದೆರಡು ಗಂಟೆ ನೀರಿನಲ್ಲಿಟ್ಟು ಉಪ್ಪು ಬಿಡಿಸಿದರೆ ಸಾಕು. ಪೂರ್ತಿ ಒಣಗಿಸಿದ ಶಾರ್ಕಿ ಎಂಬುದು ಬೇರೆ. ಅದಕ್ಕೆ ರಾತ್ರಿಯಿಡೀ ನೆನೆಸಿ ಮೂರ್ನಾಲ್ಕು ಸಲ ನೀರು ಬದಲಿಸಬೇಕು, ಮೊದಲೇ ಕುಕ್ಕರಿನಲ್ಲಿ ಬೇಯಿಸಿಕೊಳ್ಳಬೇಕು. ಎರಡನ್ನೂ ಒಂದೇ ಎಂದುಕೊಂಡು ಶಾರ್ಕಿಯನ್ನು ನೇರ ಬಾಣಲೆಗೆ ಹಾಕಿದರೆ ಬಯಾಂವ್ ತಿನ್ನಲಾಗದಷ್ಟು ಉಪ್ಪಾಗುತ್ತದೆ. ಈ ಮಾಂಸದ ಜೊತೆ ಹಂದಿಯ ಕೊಬ್ಬಿನ ಸಣ್ಣ ಚೂರುಗಳನ್ನು ಕರಗಿಸಿ, ಅದರ ಜಿಡ್ಡಿನಲ್ಲೇ ಒಗ್ಗರಣೆ ಮಾಡುವುದು ರೂಢಿ. ಕುರಿ ಮಾಂಸದಲ್ಲೂ ಮಾಡಬಹುದು: ಮೂಳೆಯಿಲ್ಲದ 300 ಗ್ರಾಂ ತುಂಡಿಗೆ ಒಂದು ದೊಡ್ಡ ಚಮಚ ಕಲ್ಲುಪ್ಪಿನ ಪುಡಿ ಸವರಿ, ಫ್ರಿಜ್ಜಿನಲ್ಲಿ ಮುಚ್ಚದೆ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಒಂದು ಗಂಟೆ ನೀರಿನಲ್ಲಿ ನೆನೆಸಿ, ಮೆತ್ತಗೆ ಬೇಯಿಸಿಕೊಂಡು ಹುರಿಯಿರಿ.

ಮಾಂಸವಿಲ್ಲದ ಬಯಾಂವ್ ಅರ್ಧಂಬರ್ಧ ಅಡುಗೆಯೇನೂ ಅಲ್ಲ. ಬರದ ಸೀಮೆಯಲ್ಲಿ ಮಾಂಸ ದಿನವೂ ಸಿಗುವ ವಸ್ತುವಲ್ಲ. ಕಾಳು, ಅಕ್ಕಿ, ಗಿಣ್ಣು, ತುಪ್ಪ, ಸೊಪ್ಪು ಇಷ್ಟರಲ್ಲೇ ಇದು ಪೂರ್ಣ ಊಟ.

ತುಪ್ಪ ಎಂದದ್ದು ಸುಮ್ಮನೆ ಅಲ್ಲ. ಅಲ್ಲಿ ಮಾಂತೇಗ ಜಿ ಗಹಾಫ, ‘ಬಾಟಲಿ ಬೆಣ್ಣೆ’ ಎಂಬುದಿದೆ: ಕೆನೆಯನ್ನೋ ಬೆಣ್ಣೆಯನ್ನೋ ನೀರಿನಂಶ ಹೋಗಿ ತಳದ ಗಸಿ ಕೆಂಪಾಗುವವರೆಗೆ ಕಾಯಿಸಿ, ಬಾಟಲಿಗೆ ತುಂಬಿಡುತ್ತಾರೆ. ಅಲ್ಲಿನ ಸೆಕೆಗೆ ಅದು ನೀರಾಗಿಯೇ ಇರುತ್ತದೆ. ನಮ್ಮ ತುಪ್ಪದಿಂದ ಅದನ್ನು ಬೇರೆ ಮಾಡುವುದು ತಳದಲ್ಲಿ ಉಳಿಯುವ ಒಂದಿಷ್ಟು ಗಸಿ, ಆ ಗಸಿಯ ಹುರಿದ ರುಚಿ. ಮನೆಯಲ್ಲಿ ಬೆಣ್ಣೆ ಕಾಯಿಸುವವರು ಎರಡು ಚಮಚ ತುಪ್ಪವನ್ನು ಸೋಸದೆ, ಗಸಿ ಸಮೇತ ಇದಕ್ಕೆಂದು ಎತ್ತಿಟ್ಟುಕೊಂಡರೆ ಬೇರೇನೂ ಬೇಕಿಲ್ಲ.

ಗಿಣ್ಣಿನ ವಿಷಯದಲ್ಲಿ ಮಾತ್ರ ನಮಗೆ ಅಷ್ಟು ಸುಲಭದ ಸಾಟಿಯಿಲ್ಲ. ಕೇಜು ಕ್ವಾಲ್ಯು ಎಂಬುದು ಹಾಲಿಗೆ ರೆನ್ನೆಟ್ ಎಂಬ ಕಿಣ್ವ ಹಾಕಿ ಗಟ್ಟಿ ಮಾಡಿದ, ಉಪ್ಪುಪ್ಪಾದ ಬಿಗಿ ಚೀಸ್. ಕಚ್ಚಿದರೆ ಹಲ್ಲಿಗೆ ಕಿರ್ ಎನ್ನುತ್ತದೆ. ಹುಳಿ ಕಡಿಮೆಯಿರುವುದರಿಂದ ಅದರ ಕ್ಯಾಲ್ಸಿಯಂ ಪ್ರೋಟೀನಿನ ಜಾಲದಲ್ಲೇ ಉಳಿದಿರುತ್ತದೆ, ಹೀಗಾಗಿ ಬಿಸಿಗೆ ಮೆತ್ತಗಾಗುತ್ತದೆಯೇ ಹೊರತು ಕರಗಿ ಹರಿಯುವುದಿಲ್ಲ. ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟು ಕಡಲ ತೀರದಲ್ಲಿ ಮಾರುವುದೂ ಇದನ್ನೇ. ಇದಕ್ಕೆ ತೀರಾ ಹತ್ತಿರದ್ದು ಹಲ್ಲೂಮಿ ಎಂಬ ಚೀಸ್. ಉಪ್ಪು ಜಾಸ್ತಿ ಇರುವುದರಿಂದ ಅರ್ಧ ಗಂಟೆ ನೀರಿನಲ್ಲಿಟ್ಟು ಬಳಸಿ. ಪನೀರ್ ಹಾಲನ್ನು ಹುಳಿಯಿಂದ ಒಡೆದು ಮಾಡಿದ್ದು, ಅದು ಮೆತ್ತಗೂ ಆಗದೆ ಸಪ್ಪೆಯಾಗಿ ಅನ್ನದಲ್ಲಿ ಬಿದ್ದಿರುತ್ತದೆ. ಪನೀರೇ ಗತಿಯಾದರೆ 200 ಗ್ರಾಂ ತುಂಡುಗಳನ್ನು ಒಂದು ದೊಡ್ಡ ಚಮಚ ಉಪ್ಪು ಕದಡಿದ ಅರ್ಧ ಲೀಟರ್ ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಒರೆಸಿ, ತವೆಯ ಮೇಲೆ ತುಪ್ಪದಲ್ಲಿ ಎರಡೂ ಬದಿ ಕೆಂಪಗೆ ಮಾಡಿಕೊಳ್ಳಿ. ಮೊಝರೆಲ್ಲಾ ಕರಗಿ ದಾರದಾರವಾಗಿ ಅನ್ನವನ್ನು ಉಂಡೆ ಕಟ್ಟಿಬಿಡುತ್ತದೆ, ಅದನ್ನು ಹಾಕಬೇಡಿ.

ಒಂದೇ ಪಾತ್ರೆಯಲ್ಲಿ

ಅಗಲವಾದ, ದಪ್ಪ ತಳದ ಪಾತ್ರೆ ಬೇಕು. ಕಿರಿದಾದ ಎತ್ತರದ ಪಾತ್ರೆಯಲ್ಲಿ ಕೆಳಗಿನ ಅಕ್ಕಿ ಸೀದರೂ ಮೇಲಿನದು ಬೆಂದಿರುವುದಿಲ್ಲ. ಎರಡು ದೊಡ್ಡ ಚಮಚ ತುಪ್ಪ ಕಾಯಿಸಿ (ಹಂದಿ ಕೊಬ್ಬು ಬಳಸುವವರು 100 ಗ್ರಾಂ ಅದನ್ನೇ ಕರಗಿಸಿ), ಮಾಂಸದ ತುಂಡುಗಳಿದ್ದರೆ ಕೆಂಪಾಗುವಷ್ಟು ಹುರಿದು ಪಕ್ಕಕ್ಕಿಡಿ. ಅದೇ ಜಿಡ್ಡಿನಲ್ಲಿ ಹೆಚ್ಚಿದ ಒಂದು ದೊಡ್ಡ ಈರುಳ್ಳಿ, ಜಜ್ಜಿದ 4 ಎಸಳು ಬೆಳ್ಳುಳ್ಳಿ, ಒಂದು ಚಿಟಿಕೆ ಜೀರಿಗೆ ಪುಡಿ. ಸಿಯಾರಾದಲ್ಲಿ ಇದಕ್ಕೆ ಪಿಮೆಂತ ಜಿ ಶೇರು ಎಂಬ ಘಮದ ಮೆಣಸಿನಕಾಯಿ ಬೀಳುತ್ತದೆ, ಖಾರ ಅತ್ಯಲ್ಪ, ಹಣ್ಣಿನಂಥ ಪರಿಮಳ. ನಮ್ಮಲ್ಲಿ ಅದು ಸಿಗುವುದಿಲ್ಲ. ಅರ್ಧ ದಪ್ಪ ಮೆಣಸಿನಕಾಯಿ, ಬೀಜ ತೆಗೆದ ಒಂದು ಹಸಿಮೆಣಸಿನಕಾಯಿ ಹಾಕಿ ಸಮಾಧಾನ ಮಾಡಿಕೊಳ್ಳಬೇಕು. ಗರಂ ಮಸಾಲೆ, ಸಾಂಬಾರ್ ಪುಡಿ, ಅರಿಶಿನ ಇಲ್ಲಿಗೆ ಸೇರಿದವಲ್ಲ. ಹಾಕಿದರೆ ರುಚಿಯಾದ ಅಲಸಂದೆ ಬಾತ್ ಆಗುತ್ತದೆ, ಬಯಾಂವ್ ಆಗುವುದಿಲ್ಲ.

ತೊಳೆದು ಬಸಿದ ಅಕ್ಕಿ ಹಾಕಿ ಎರಡು ನಿಮಿಷ ಹುರಿದು, ಕಾಳು, ಮಾಂಸ, ಕುದಿಯುವ ಕಟ್ಟು ಸೇರಿಸಿ. ಈಗ ಕಟ್ಟಿನ ರುಚಿ ನೋಡಿ. ಉಪ್ಪು ‘ಇನ್ನೊಂಚೂರು ಬೇಕಿತ್ತು’ ಅನ್ನಿಸುವಂತಿರಬೇಕು, ಉಳಿದದ್ದನ್ನು ಮಾಂಸ ಮತ್ತು ಗಿಣ್ಣು ತುಂಬಿಕೊಡುತ್ತವೆ. ಇಲ್ಲೇ ಸರಿಯಾಗಿದ್ದರೆ ಬಡಿಸುವಾಗ ಹೆಚ್ಚಾಗಿರುತ್ತದೆ. ಒಂದೇ ಸಲ ತಳದಿಂದ ಮೇಲಕ್ಕೆ ತಿರುವಿ, ಸೌಟು ತೆಗೆದಿಡಿ. ಮತ್ತೆ ಮತ್ತೆ ಕೈಯಾಡಿಸಿದರೆ ಅಕ್ಕಿಯ ಪಿಷ್ಟ ಕಟ್ಟಿಗೆ ಬಿಟ್ಟು ಗಂಜಿಯಾಗುತ್ತದೆ, ಕಾಳೂ ಒಡೆಯುತ್ತದೆ.

ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ. ಕಟ್ಟು ಇಳಿಯುತ್ತ ಅಕ್ಕಿಯ ಮಟ್ಟಕ್ಕೆ ಬಂದಾಗ ಮೇಲ್ಮೈಯಲ್ಲಿ ಅಲ್ಲಲ್ಲಿ ಸಣ್ಣ ಗುಳಿಗಳು ಮೂಡುತ್ತವೆ, ಗುಳಿಯೊಳಗಿಂದ ಕಂದು ಗುಳ್ಳೆಗಳು ಪುಟಿಯುತ್ತವೆ. ಅದೇ ಉರಿ ತಗ್ಗಿಸುವ ಹೊತ್ತು. ಮುಚ್ಚಳ ಓರೆ ಮಾಡಿ ಇನ್ನು ಏಳೆಂಟು ನಿಮಿಷ. ಅಗುಳು ಹಿಸುಕಿದರೆ ನಡುವಿನ ಬಿಳಿ ಚುಕ್ಕೆ ಮಾಯವಾಗಿರಬೇಕು, ಪಾತ್ರೆ ಓರೆ ಮಾಡಿದರೆ ಅಂಚಿನಲ್ಲಿ ಇನ್ನೂ ಕಟ್ಟು ಜಿನುಗಬೇಕು. ಆ ತೇವ ಕಂಡು ‘ಇನ್ನೂ ಆಗಿಲ್ಲ’ ಎಂದು ಒಲೆಯ ಮೇಲೇ ಬಿಡುವುದು ಎಲ್ಲರೂ ಮಾಡುವ ತಪ್ಪು. ಒಲೆ ಆರಿಸಿದ ಮೇಲೂ ಅಕ್ಕಿ ನೀರು ಹೀರುತ್ತಲೇ ಇರುತ್ತದೆ, ಕೆನೆ ಗಿಣ್ಣುಗಳೂ ಗಟ್ಟಿ ಮಾಡುತ್ತವೆ. ಒಲೆಯ ಮೇಲೆ ಸರಿಯಾಗಿ ಕಂಡ ಬಯಾಂವ್ ತಟ್ಟೆಗೆ ಬರುವಷ್ಟರಲ್ಲಿ ಒಣಗಿರುತ್ತದೆ.

ಒಲೆ ಆರಿಸಿ, 100 ಮಿ.ಲೀ. ತಾಜಾ ಕೆನೆ, ಅರ್ಧ ಅಂಗುಲದ ತುಂಡುಗಳಾಗಿ ಕತ್ತರಿಸಿದ 200 ಗ್ರಾಂ ಗಿಣ್ಣು, ಗಸಿ ಸಮೇತದ ತುಪ್ಪ ಎರಡು ಚಮಚ, ಒಂದು ಹಿಡಿ ಹೆಚ್ಚಿದ ಕೊತ್ತಂಬರಿ, ಅಷ್ಟೇ ಈರುಳ್ಳಿ ಹೂವು ಹಾಕಿ ಮೆಲ್ಲಗೆ ಮಗುಚಿ. ಮುಚ್ಚಿ ಐದು ನಿಮಿಷ ಬಿಡಿ. ಗಿಣ್ಣನ್ನು ಕುದಿಯುವಾಗಲೇ ಹಾಕಿದರೆ ತೇವ ಬಿಟ್ಟು ರಬ್ಬರಾಗುತ್ತದೆ. ಕೊತ್ತಂಬರಿಗೆ ಕೈ ಬಿಗಿಹಿಡಿಯಬೇಡಿ. ಬ್ರೆಜಿಲ್‌ನ ದಕ್ಷಿಣದವರು ಪಾರ್ಸ್ಲಿ ಹಾಕುವ ಕಡೆಯಲ್ಲೆಲ್ಲ ಈಶಾನ್ಯದವರು ಕೊತ್ತಂಬರಿ ಸುರಿಯುತ್ತಾರೆ.

ತಳ ಹಿಡಿದ ವಾಸನೆ ಬಂದರೆ ಕೆರೆಯಲು ಹೋಗಬೇಡಿ. ಮೇಲಿನದನ್ನು ಬೇರೆ ಪಾತ್ರೆಗೆ ಎತ್ತಿಕೊಳ್ಳಿ, ಕರಿ ತಳ ಹಾಗೇ ಇರಲಿ. ಅಕ್ಕಿ ಬೆಂದಿಲ್ಲ, ಕಟ್ಟು ಮುಗಿದಿದೆ ಎಂದಾದರೆ ಕುದಿಯುವ ನೀರನ್ನು 50 ಮಿ.ಲೀ.ನಂತೆ ಸುತ್ತ ಚಿಮುಕಿಸಿ ಮುಚ್ಚಿ, ನಡುವೆ ಸುರಿಯಬೇಡಿ. ಉಪ್ಪು ಹೆಚ್ಚಾಗಿದ್ದರೆ ಸಪ್ಪೆ ಕೆನೆ ಇನ್ನಷ್ಟು ಸೇರಿಸಿ, ಜೊತೆಗೆ ಉಪ್ಪಿಲ್ಲದೆ ಬೇಯಿಸಿದ ಮರಗೆಣಸು ಬಡಿಸಿ. ಹೇಗೂ ಅದು ಇದರ ಖಾಯಂ ಜೊತೆಗಾರ. ಮಕಶೇರ ಎಂಬ ಹೆಸರಿನಲ್ಲಿ, ಬೇಯಿಸಿಯೋ ಕರಿದೋ, ಮೇಲೆ ಬಾಟಲಿ ಬೆಣ್ಣೆ ಹನಿಸಿ ತಟ್ಟೆಗೆ ಬರುತ್ತದೆ. ಇನ್ನೊಂದು ಜೊತೆ ಪಸೋಕ: ಹುರಿದ ಬಿಸಿಲ ಮಾಂಸವನ್ನು ಮರಗೆಣಸಿನ ಹಿಟ್ಟಿನೊಂದಿಗೆ ಒರಳಿನಲ್ಲಿ ಕುಟ್ಟಿದ ಪುಡಿ.

ಸಿಯಾರಾದ ದಕ್ಷಿಣದ ಕರಿರಿ ಸೀಮೆಯಲ್ಲಿ, ಅರರೀಪಿ ಪ್ರಸ್ಥಭೂಮಿಯ ಸುತ್ತ, ಇದೇ ಬಯಾಂವ್‌ಗೆ ಪೆಕಿ ಎಂಬ ಹಳದಿ ಕಾಡುಹಣ್ಣನ್ನು ಇಡಿಯಾಗಿ ಹಾಕಿ ಬೇಯಿಸುತ್ತಾರೆ. ಅದರ ಎಣ್ಣೆ ಅನ್ನಕ್ಕೆಲ್ಲ ಹಳದಿ ಬಣ್ಣ, ಗಾಢ ವಾಸನೆ ಕೊಡುತ್ತದೆ. ಅಲ್ಲಿಗೆ ಹೋಗಿ ತಿನ್ನುವವರು ನೆನಪಿಡಿ: ಪೆಕಿಯ ತಿರುಳನ್ನು ಮುಂಬಲ್ಲಿನಿಂದ ಮೆಲ್ಲಗೆ ಕೆರೆದು ತಿನ್ನಬೇಕು, ಕಚ್ಚಬಾರದು. ತಿರುಳಿನ ಕೆಳಗೆ ಓಟೆಯ ತುಂಬ ಕೂದಲೆಳೆಯಂಥ ಮುಳ್ಳುಗಳಿರುತ್ತವೆ, ನಾಲಿಗೆಗೆ ಚುಚ್ಚಿಕೊಂಡರೆ ಒಂದೊಂದಾಗಿ ಚಿಮುಟದಿಂದ ಕೀಳಬೇಕಾಗುತ್ತದೆ.

ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲ ಡಬ್ಬಿಯಲ್ಲಿ ಹರಡಿ ಫ್ರಿಜ್ಜಿಗೆ ಸೇರಿಸಿ. ಅನ್ನ ಹೊರಗೆ ಬೆಚ್ಚಗೆ ಕೂತರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮರುದಿನ ಅದನ್ನು ನೀರು ಹಾಕಿ ಸಡಿಲ ಮಾಡಲು ಹೋಗದೆ, ಕಬ್ಬಿಣದ ಕಾವಲಿಯ ಮೇಲೆ ಒಂದು ಚಮಚ ತುಪ್ಪದಲ್ಲಿ ಹರಡಿ, ಅಡಿ ಗರಿಗರಿಯಾಗುವವರೆಗೆ ಕಾಯಿಸಿ.